ಮಹಾಮಂತ್ರಿ ಮಹಮೂದ ಗವಾನ

ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬಿವು ರಾಜ್ಯದ ಏಳು ಅಂಗಗಳೆಂದು ಪ್ರಾಚೀನ ನೀತಿಶಾಸ್ತ್ರಕಾರರು ಎಣಿಸಿದ್ದಾರೆ. ಇವುಗಳಲ್ಲಿ ಮಿತ್ರನೆಂದರೆ ಸ್ನೇಹದಿಂದಿರುವ ಪರರಾಜ್ಯದ ಅರಸನೆಂದು ಶಾಸ್ತ್ರದ ಅರ್ಥ. ಆದರೆ ರಾಜ್ಯದ ಒಳಗೆಯೇ ಒಂದೇ ಓಲಗದಲ್ಲಿ ಕುಳಿತು ಒಂದೇ ಕಾರ್ಯಭಾರವನ್ನು ಹೊತ್ತ ಅಧಿಕಾರಿಗಳಲ್ಲಿ ಮೈತ್ರಿಯಿಲ್ಲದಿದ್ದರೆ, ಉಳಿದ ಅಂಗಗಳೆಲ್ಲ ಎಷ್ಟು ಪುಷ್ಟವಾಗಿದ್ದರೂ ಆ ಶರೀರವು ನಿಲ್ಲಲಾರದು. ಈ ಮಾತಿಗೆ ದೂರದ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ. ಕಲಬುರ್ಗಿಯಲ್ಲಿ ಹುಟ್ಟಿ ಬೀದರದಲ್ಲಿ ಬೆಳೆದು ಅಲ್ಲಿಯೇ ಒಡೆದು ಚೂರಾದ ಬಹಮನೀ ರಾಜ್ಯದ ಚರಿತ್ರೆಯೇ ಸಾಕು. ಅದರಲ್ಲಿಯೂ ಆ ರಾಜ್ಯವನ್ನು ಹದಿನೈದು ವರ್ಷಗಳ ವರೆಗೆ ಮುಖ್ಯ ಮಂತ್ರಿಯಾಗಿ ನಡೆಸಿದ ಮಹಮೂದ ಗವಾನನ ಜೀವಿತವು ಸಾಕು.

ಬಹಮನೀ ರಾಜ್ಯವು 1347ರಲ್ಲಿ ಸ್ಥಾಪಿತವಾಯಿತು. ಕಲಬುರ್ಗಿಯು ಅದರ ಮೊದಲನೆಯ ರಾಜಧಾನಿ. 1422ರಲ್ಲಿ ಪಟ್ಟವೇರಿದ ಅಹಮದ ಶಹನು ರಾಜಧಾನಿಯನ್ನು ಬೀದರಕ್ಕೆ ಒಯ್ದನು. ಆದರೂ ಕಲಬುರ್ಗಿಯ ಪ್ರಾಮುಖ್ಯವು ಕುಂದಲಿಲ್ಲ. ಅದು ರಾಜ್ಯದ ನಾಲ್ಕು ತರಫುಗಳಲ್ಲಿ, ಎಂದರೆ ಪ್ರಾಂತಗಳಲ್ಲಿ, ಒಂದರ ಮುಖ್ಯಸ್ಥಳವಾಗಿ ಉಳಿಯಿತು. ಕಲಬುರ್ಗಿಯಿಂದ ಮಹಾಗಾಂವ, ಕಮಲಾಪುರ, ಹುಮನಾಬಾದಗಳ ಮೇಲೆ ಇಂದು ಬೀದರಕ್ಕೆ ಹೋಗುವವರು ಹಳೆಯ ಎರಡು ರಾಜಧಾನಿಗಳ ನಡುವಿನ ಸೀಮೆಯನ್ನೇ ದಾಟುತ್ತಾರೆ. ಕಮಲಾಪುರವು ಈಗ ತಾಲೂಕಿನ ಊರು, ತನ್ನ ಕೆಂಪು ಬಾಳೆಯಿಂದ ಹೆಸರಾದುದು. ಅದೇ ಭಾಗದ ಹೊಳಕುಂದೆಯಲ್ಲಿ ಬಹಮನೀ ಕಾಲದ ಶೈಲಿಯ ಗುಮ್ಮಟಗಳು ಇಂದಿಗೂ ನಿಂತಿವೆ. ಓಲಗದಲ್ಲಿ ಕೂಡಿದ ಮನಸ್ಸುಗಳ ಫಲವನ್ನೂ ಮುರಿದ ಮನಸ್ಸುಗಳ ಫಲವನ್ನೂ ಮೊದಲು ಉಂಡವರು ಈ ಸೀಮೆಯ ಒಕ್ಕಲಿಗರೇ ಎಂಬುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಮಹಮೂದನು ಸುಮಾರು 1411ರಲ್ಲಿ ಇರಾಣದ ಗೀಲಾನ ಪ್ರಾಂತದ ಗಾವಾನ ಎಂಬಲ್ಲಿ ಜನಿಸಿದನು. ಅವನದು ಅಲ್ಲಿಯ ಅರಸರ ಬಳಿ ಅಧಿಕಾರ ಮಾಡಿದ ಮನೆತನ. ಆ ಓಲಗದ ಒಳಜಗಳಗಳಿಂದ ಪ್ರಾಣಭಯವುಂಟಾಗಲು ಅವನು ಸ್ವದೇಶವನ್ನು ಬಿಟ್ಟು ವ್ಯಾಪಾರವೃತ್ತಿಯನ್ನು ಹಿಡಿದನು. ದೇಶದೇಶಗಳನ್ನು ಸುತ್ತಿ ಪಂಡಿತರ ಸಹವಾಸದಿಂದ ವಿದ್ಯೆಯನ್ನೂ ಸಂಪಾದಿಸಿದನು. 1453ರಲ್ಲಿ ದಾಭೋಳ ಬಂದರಿನಲ್ಲಿ ಇಳಿದು, ಬೀದರದ ಸಾಧುಗಳ ದರ್ಶನವನ್ನು ಮಾಡಿಕೊಂಡು ಮುಂದೆ ದಿಲ್ಲಿಗೆ ಹೋಗಬೇಕೆಂದು ಹೊರಟವನನ್ನು ಅಲಾವುದ್ದೀನ ಅಹಮದ ಶಹನು ತನ್ನಲ್ಲಿಯೇ ನಿಲ್ಲಿಸಿಕೊಂಡನು. ಹೀಗೆ ಓಲಗದ ವೈರದಿಂದ ಊರು ಬಿಟ್ಟವನು, ಅದಕ್ಕಿಂತಲೂ ಹೆಚ್ಚಿನ ವೈರ ಬೇರೂರಿದ್ದ ಮತ್ತೊಂದು ಓಲಗವನ್ನು ಸೇರಿದಂತಾಯಿತು.

ಆ ವೈರವು ಯಾವದೆಂದರೆ ದಖನಿಗಳು, ಆಫಾಕಿಗಳು ಎಂಬ ಎರಡು ಪಕ್ಷಗಳ ಕಲಹ. ತಲೆಮಾರುಗಳಿಂದ ಈ ನಾಡಿನಲ್ಲಿ ನೆಲೆಸಿದವರೂ ಇಲ್ಲಿಯೇ ಹುಟ್ಟಿ ಮತಾಂತರ ಹೊಂದಿದವರೂ ದಖನಿಗಳು. ಹಬಶಿಗಳು ಹೆಚ್ಚಾಗಿ ಅವರ ಕಡೆಗೇ ಇದ್ದರು. ಇರಾಣ, ಅರಬಸ್ಥಾನ, ತುರ್ಕಸ್ಥಾನಗಳಿಂದ ಹೊಸದಾಗಿ ಬಂದವರು ಆಫಾಕಿಗಳು. ಒಂದು ಪಕ್ಷದವನು ಮೇಲೇರಿದರೆ ಇನ್ನೊಂದು ಪಕ್ಷವು ಅದನ್ನು ತನ್ನ ಸೋಲೆಂದು ಬಗೆಯುತ್ತಿತ್ತು. ಗವಾನನು ಬರುವದಕ್ಕೆ ಕೆಲವು ವರ್ಷಗಳ ಮುಂಚೆ ಕೊಂಕಣದ ಯುದ್ಧದಲ್ಲಿ ಸೋತು ಚಾಕಣದ ಕೋಟೆಯನ್ನು ಸೇರಿದ ಆಫಾಕಿಗಳ ಮೇಲೆ ಅವರ ಜೊತೆಯ ಸರದಾರರೇ ದ್ರೋಹದ ಆರೋಪವನ್ನು ಹೊರಿಸಿ ದೊರೆಗೆ ಬರೆದು, ಅವರ ಕೊಲೆಗೆ ಕಾರಣರಾಗಿದ್ದರು. ಸುಳ್ಳು ಬರಹದಿಂದ ಸಹೋದ್ಯೋಗಿಯನ್ನು ಕೊಲ್ಲಿಸಬಹುದೆಂಬ ದುರ್ವಿದ್ಯೆಯು ಆ ಓಲಗಕ್ಕೆ ಆಗಲೇ ಕರಗತವಾಗಿತ್ತೆಂದು ಹೇಳಬಹುದು.

ಗವಾನನು ಕೈಗೊಂಡ ಮೊದಲನೆಯ ದೊಡ್ಡ ಕಾರ್ಯವು ತೆಲಂಗಾಣದ ನಲಗೊಂಡೆಯಲ್ಲಿ ದೊರೆಯ ಬಂಧುವಾದ ಜಲಾಲಖಾನನೂ ಅವನ ಮಗ ಸಿಕಂದರಖಾನನೂ ಎಬ್ಬಿಸಿದ ದಂಗೆಯನ್ನು ಅಡಗಿಸುವದಾಗಿತ್ತು. ಅವನು ಕೋಟೆಗೆ ಮುತ್ತಿಗೆ ಹಾಕಿದನು. ಬಂಡುಗಾರರು ಶರಣಾಗಲು ತಾನೇ ನಡುವೆ ನಿಂತು ದೊರೆಯಿಂದ ಅವರಿಗೆ ಕ್ಷಮೆಯನ್ನು ದೊರಕಿಸಿಕೊಟ್ಟನು. ಗೆದ್ದವನು ಸೋತವನಿಗಾಗಿ ಬೇಡಿಕೊಳ್ಳುವ ಈ ಗುಣದಿಂದ ಅವನಲ್ಲಿ ಜನರಿಗೆ ವಿಶ್ವಾಸವುಂಟಾಯಿತು. 1458ರಲ್ಲಿ ಪಟ್ಟಕ್ಕೆ ಬಂದ ಹುಮಾಯೂನನು ಅವನಿಗೆ ಮಲಿಕ-ಉತ್-ತುಜ್ಜಾರ ಎಂಬ ಬಿರುದನ್ನಿತ್ತು ರಾಜ್ಯದ ಉನ್ನತ ಅಧಿಕಾರವನ್ನು ಕೊಟ್ಟನು.

1461ರಲ್ಲಿ ಹುಮಾಯೂನನು ತೀರಿಕೊಂಡಾಗ ಅವನ ಮಗ ನಿಜಾಮ ಶಹನು ಎಂಟು ವರ್ಷದ ಬಾಲಕನು. ರಾಜ್ಯಭಾರವು ಮೂವರ ಮೇಲೆ ಬಿದ್ದಿತು. ರಾಜಮಾತೆ, ತುರ್ಕನಾದ ಖ್ವಾಜಾ ಜಹಾನ, ಮಹಮೂದ ಗವಾನ ಇವರೇ ಆ ಮೂವರು. ಮಂತ್ರಿಗಳಿಬ್ಬರೂ ಪ್ರತಿದಿನ ಮುಂಜಾನೆ ಅರಮನೆಗೆ ಬಂದು, ಪರದೆಯ ಒಳಗಿದ್ದ ರಾಣಿಯೊಡನೆ ದಾಸಿಯ ಮುಖಾಂತರ ಆಲೋಚನೆ ಮಾಡಿ, ಆ ಬಳಿಕ ಬಾಲಕನನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿ ಓಲಗವನ್ನು ನಡೆಯಿಸುತ್ತಿದ್ದರು. ಒಬ್ಬರಿಗೆ ತಿಳಿಯದೆ ಇನ್ನೊಬ್ಬರ ಆಜ್ಞೆಯು ಹೊರಡುತ್ತಿರಲಿಲ್ಲ. ಈ ಒಗ್ಗಟ್ಟಿನ ಪರೀಕ್ಷೆಯು ಬೇಗನೆ ಬಂದಿತು. 1462ರಲ್ಲಿ ಮಾಳವದ ಮಹಮೂದ ಖಿಲಜಿಯು ದಂಡೆತ್ತಿ ಬಂದು ಬಹಮನೀ ಸೈನ್ಯವನ್ನು ಸೋಲಿಸಿ ಬೀದರ ಪಟ್ಟಣವನ್ನೇ ಹೊಕ್ಕನು. ರಾಣಿಯು ಬಾಲರಾಜನನ್ನು ಕರೆದುಕೊಂಡು ಕಲಬುರ್ಗಿಯ ದಕ್ಷಿಣದಲ್ಲಿ ಭೀಮಾತೀರದಲ್ಲಿರುವ ಫಿರೋಜಾಬಾದಕ್ಕೆ ಹೋದಳು. ರಾಜಧಾನಿಯು ಕೈಬಿಟ್ಟರೂ ಮೂವರ ಮನಸ್ಸು ಬೇರೆಯಾಗಲಿಲ್ಲ. ಗುಜರಾತದ ಮಹಮೂದ ಬೇಗಡನ ಸಹಾಯವನ್ನು ಬೇಡಿದರು; ಗುಜರಾತದ ಬಲವನ್ನು ಕೂಡಿಕೊಂಡು ಗವಾನನು ಶತ್ರುವಿನ ದಾರಿಯನ್ನು ಕಟ್ಟಲು ಮಾಳವದವರು ಬಹು ಕಷ್ಟಪಟ್ಟು ಹಿಂದಿರುಗಿದರು. ಕೋಟೆ, ಕೋಶ, ದಂಡುಗಳು ವಿಫಲವಾದಾಗ ಮೂವರು ವ್ಯಕ್ತಿಗಳ ಪರಸ್ಪರ ನಂಬಿಗೆಯು ರಾಜ್ಯವನ್ನು ಉಳಿಸಿತು.

ಆದರೆ ಅಪಾಯವು ಕಳೆದ ಮೇಲೆ ಆ ನಂಬಿಗೆಯೂ ಸವೆಯಿತು. 1463ರಲ್ಲಿ ನಿಜಾಮ ಶಹನು ಸತ್ತು ಅವನ ತಮ್ಮ ಮೂರನೆಯ ಮಹಮ್ಮದ ಶಹನು ಬಾಲ್ಯದಲ್ಲಿಯೇ ಪಟ್ಟವೇರಿದನು. ಖ್ವಾಜಾ ಜಹಾನನು ಅಧಿಕಾರವನ್ನೆಲ್ಲ ತನ್ನ ಕೈಗೆ ಸೆಳೆದುಕೊಂಡು ಗವಾನನನ್ನು ರಾಜಧಾನಿಯಿಂದ ದೂರದ ಗಡಿಯ ಕೆಲಸಗಳಿಗೆ ಕಳುಹಿಸತೊಡಗಿದನು. ಅವನ ವಿಷಯದಲ್ಲಿ ರಾಣಿಯ ಸಂಶಯವು ಬಲಿಯಿತು. 1466ರಲ್ಲಿ ತುಂಬಿದ ಓಲಗದಲ್ಲಿಯೇ ಅವನನ್ನು ಕೊಲ್ಲಿಸಲಾಯಿತು, ವಿಚಾರಣೆಯೆಂಬುದು ನಡೆಯಲಿಲ್ಲ. ತರುವಾಯ ಗವಾನನು ಏಕೈಕ ಮುಖ್ಯ ಮಂತ್ರಿಯಾದನು. ಆಗಿನ ಬಾಲರಾಜನು ಆ ದಿನ ಕಲಿತ ಪಾಠವು ಕೆಟ್ಟದಾಗಿತ್ತು. ಸಂಶಯ ಬಂದ ಮಂತ್ರಿಯನ್ನು ವಿಚಾರಿಸುವ ಅವಶ್ಯವಿಲ್ಲ, ಕೊಲ್ಲಿಸಿದರಾಯಿತು ಎಂಬ ಆ ಪಾಠದ ಫಲವನ್ನು ಹದಿನೈದು ವರ್ಷಗಳ ಮೇಲೆ ಗವಾನನೇ ಅನುಭವಿಸಬೇಕಾಯಿತು.

ಗವಾನನ ಆಡಳಿತದಲ್ಲಿ ರಾಜ್ಯವು ಹಿಂದೆಂದೂ ಕಾಣದ ವಿಸ್ತಾರವನ್ನು ಪಡೆಯಿತು. 1469ರಿಂದ ಕೊಂಕಣದಲ್ಲಿ ಯುದ್ಧಮಾಡಿ ಖೇಳಣಾ ಮೊದಲಾದ ದುರ್ಗಗಳನ್ನು ಹಿಡಿದು 1472ರಲ್ಲಿ ಗೋವೆಯನ್ನು ವಿಜಯನಗರದವರಿಂದ ಗೆದ್ದುಕೊಂಡನು. ತರುವಾಯ ಬೆಳಗಾವಿಯೂ ಕೈವಶವಾಯಿತು. ಈ ದಂಡಯಾತ್ರೆಯ ಕಾಲದಲ್ಲಿ ಅವನು ಬರೆದ ಪತ್ರಗಳು ರಿಯಾಜ-ಉಲ್-ಇನ್ಶಾ ಎಂಬ ಸಂಗ್ರಹದಲ್ಲಿ ಉಳಿದಿವೆ. ಕಾಡುಬೆಟ್ಟಗಳ ಶತ್ರುಗಳಿಗಿಂತ ಬೀದರದಲ್ಲಿ ಕುಳಿತು ನೆರವನ್ನು ತಡೆಯುವ ಸಹೋದ್ಯೋಗಿಗಳೇ ತನಗೆ ಹೆಚ್ಚಿನ ಕಂಟಕರಾಗಿರುವರೆಂಬ ಅವನ ವ್ಯಥೆಯು ಅವುಗಳಲ್ಲಿ ಕಾಣುತ್ತದೆ. ಮೂರು ವರ್ಷಗಳ ಯುದ್ಧದ ದೀರ್ಘತೆಗೆ ಸಹ್ಯಾದ್ರಿಯ ಮಳೆಯೂ ದುರ್ಗಗಳೂ ಎಷ್ಟು ಕಾರಣವೋ ಒಳಗಿನ ಅಸೂಯೆಯೂ ಅಷ್ಟೇ ಕಾರಣವೆಂದು ಆ ಪತ್ರಗಳನ್ನು ಓದಿದವರಿಗೆ ತೋರದಿರದು.

ಗೋವೆಯ ವಿಜಯದ ಬಳಿಕ ದೊರೆಯು ಅವನ ಮನೆಗೆ ಬಂದು ಒಂದು ವಾರವಿದ್ದು ಅಪಾರವಾಗಿ ಗೌರವಿಸಿದನು. ರಾಜಮಾತೆಯು ಅವನನ್ನು ಅಣ್ಣನೆಂದು ಕರೆದಳು. ದೊರೆಯು ಹಿಂದಿರುಗಿದ ಮೇಲೆ ಗವಾನನು ಬೆಲೆಯುಳ್ಳ ಉಡುಪನ್ನು ತೆಗೆದಿಟ್ಟು, ಏಕಾಂತದಲ್ಲಿ ಅತ್ತು, ತನ್ನ ಹೊನ್ನನ್ನೆಲ್ಲ ವಿದ್ವಾಂಸರಿಗೂ ಬಡವರಿಗೂ ಹಂಚಿ, ಪುಸ್ತಕಗಳನ್ನೂ ಆನೆಕುದುರೆಗಳನ್ನೂ ಮಾತ್ರ ಉಳಿಸಿಕೊಂಡನೆಂದು ಇತಿಹಾಸಕಾರನಾದ ಫರಿಶ್ತಾ ಬರೆದಿದ್ದಾನೆ. ಪುಸ್ತಕಗಳು ವಿದ್ಯಾರ್ಥಿಗಳವು, ಆನೆಕುದುರೆಗಳು ದೊರೆಯವು ಎಂಬುದು ಅವನ ಭಾವನೆಯಾಗಿತ್ತು. ಅದೇ 1472ರಲ್ಲಿ ಬೀದರದಲ್ಲಿ ಅವನು ಕಟ್ಟಿಸಿದ ಮದರಸವು ಪೂರ್ಣವಾಯಿತು. ಮೂರು ಅಂತಸ್ತುಗಳ ಆ ವಿದ್ಯಾಲಯದಲ್ಲಿ ಗುರುಶಿಷ್ಯರಿಗೆ ವಾಸದ ಕೋಣೆಗಳಿದ್ದವು; ಪುಸ್ತಕ ಭಂಡಾರದಲ್ಲಿ 3000 ಗ್ರಂಥಗಳಿದ್ದವೆಂದು ಪ್ರತೀತಿ. 1696ರಲ್ಲಿ ಮದ್ದು ಸಿಡಿದು ಒಂದು ಭಾಗವು ಹಾಳಾದರೂ ಉಳಿದ ಕಟ್ಟಡವು ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತದೆ.

ಬೆಳಗಾವಿಯ ದಂಡಯಾತ್ರೆಯಲ್ಲಿ ರಾಜಮಾತೆಯು ತೀರಿಕೊಂಡಳು. ದೊರೆಗೂ ಮಂತ್ರಿಗೂ ನಡುವೆ ನಿಂತು ಇಬ್ಬರ ಮಾತನ್ನೂ ಇಬ್ಬರಿಗೂ ತಿಳಿಯಹೇಳಬಲ್ಲ ವ್ಯಕ್ತಿಯು ಹೀಗೆ ಇಲ್ಲವಾಯಿತು. ಒಡನೆಯೇ ನಾಡಿಗೆ ಎರಡು ವರ್ಷಗಳ ಘೋರ ಕ್ಷಾಮವು ಬಂದಿತು. ದೊರೆಯು ಪ್ರಾಪ್ತವಯಸ್ಕನಾಗಿ ಮದ್ಯಪಾನಕ್ಕೆ ಒಳಗಾಗುತ್ತಿದ್ದನು. ರಾಜ್ಯವು ಎರಡು ಸಮುದ್ರಗಳ ತೀರವನ್ನು ಮುಟ್ಟಿತ್ತು. ಅದನ್ನು ಹಿಡಿದು ನಿಲ್ಲಿಸಿದ ಮನುಷ್ಯಸಂಬಂಧಗಳು ಮಾತ್ರ ದಿನದಿನಕ್ಕೆ ತೆಳುವಾಗುತ್ತಿದ್ದವು.

ಈ ಸ್ಥಿತಿಯಲ್ಲಿ ಗವಾನನು ತನ್ನ ಅಧಿಕಾರದ ಕೊನೆಯ ವರ್ಷಗಳಲ್ಲಿ ರಾಜ್ಯದ ವ್ಯವಸ್ಥೆಯನ್ನೇ ತಿದ್ದಲು ಮುಂದಾದನು. ನಾಲ್ಕು ತರಫುಗಳನ್ನು ಎಂಟು ಮಾಡಿದನು. ವರ್ಹಾಡವು ಗಾವಿಲ, ಮಾಹೂರ ಎಂದೂ, ದೌಲತಾಬಾದವು ದೌಲತಾಬಾದ, ಜುನ್ನರ ಎಂದೂ, ತೆಲಂಗಾಣವು ರಾಜಮಹೇಂದ್ರಿ, ವಾರಂಗಲ ಎಂದೂ, ಕಲಬುರ್ಗಿಯು ಕಲಬುರ್ಗಿ, ವಿಜಾಪುರ ಎಂದೂ ವಿಭಾಗಗೊಂಡವು. ಮೊದಲು ತರಫಿನ ಎಲ್ಲ ಕಿಲ್ಲೆಗಳೂ ತರಫದಾರನ ವಶದಲ್ಲಿದ್ದವು. ಇನ್ನು ಮೇಲೆ ಅವನ ಕೈಯಲ್ಲಿ ಒಂದೇ ಕಿಲ್ಲೆ, ಉಳಿದವುಗಳ ಕಿಲ್ಲೇದಾರರನ್ನು ದೊರೆಯೇ ನಿಯಮಿಸತಕ್ಕದ್ದು. ಪ್ರತಿಯೊಂದು ತರಫಿನಲ್ಲಿಯೂ ಕೆಲವು ಭೂಮಿಗಳು ದೊರೆಯ ಖಾಸಾ ಉತ್ಪನ್ನಕ್ಕೆ ಸೇರಿದವು. ಹೊಲಗಳನ್ನು ಅಳೆಯಿಸಿ ಕಂದಾಯವನ್ನು ಗೊತ್ತುಪಡಿಸುವ ಏರ್ಪಾಡಾಯಿತು. 500 ಸವಾರರ ಸರದಾರನಿಗೆ ವರ್ಷಕ್ಕೆ ಒಂದು ಲಕ್ಷ ಹೊನ್ನು ಇದ್ದುದು ಒಂದೂಕಾಲು ಲಕ್ಷವಾಯಿತು. 1000 ಸವಾರರವನಿಗೆ ಎರಡು ಲಕ್ಷ ಇದ್ದುದು ಎರಡೂವರೆ ಲಕ್ಷವಾಯಿತು. ಆದರೆ ಲೆಕ್ಕದಲ್ಲಿ ಒಬ್ಬ ಸವಾರನು ಕಡಿಮೆಯಾದರೂ ಅವನ ಪಾಲಿನ ಹಣವು ಕಡಿತವಾಗುತ್ತಿತ್ತು.

ಅಧಿಕಾರ ಹಂಚುವಲ್ಲಿ ಅವನು ಪಕ್ಷಪಾತ ಮಾಡಲಿಲ್ಲ. ಗಾವಿಲವು ಫತಹುಲ್ಲಾ ಇಮಾದ-ಉಲ್-ಮುಲ್ಕನಿಗೆ, ಮಾಹೂರವು ಹಬಶಿಯಾದ ಖುದಾವಂದಖಾನನಿಗೆ, ದೌಲತಾಬಾದವು ಯೂಸುಫ ಆದಿಲಖಾನನಿಗೆ, ರಾಜಮಹೇಂದ್ರಿಯು ನಿಜಾಮ-ಉಲ್-ಮುಲ್ಕ ಮಲಿಕ ಹಸನನಿಗೆ, ಕಲಬುರ್ಗಿಯು ಹಬಶಿಯಾದ ದಸ್ತೂರ ದಿನಾರನಿಗೆ ದೊರೆತವು. ವಿಜಾಪುರವನ್ನು ತಾನೇ ಇಟ್ಟುಕೊಂಡನು. ಎರಡೂ ಪಕ್ಷಗಳು ತಕ್ಕಡಿಯಲ್ಲಿ ತೂಗಿದಂತಿದ್ದವು. ಪ್ರಜೆಗಳ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಉತ್ತಮವಾದ ಕಟ್ಟಳೆಯು ಆ ಕಾಲಕ್ಕೆ ಕಷ್ಟಸಾಧ್ಯವೇ. ಕಮಲಾಪುರದಂತಹ ಊರಿನ ರೈತನಿಗೆ ತನ್ನ ಹೊಲದ ಅಳತೆಯೂ ಕೊಡಬೇಕಾದ ತೆರಿಗೆಯೂ ಗೊತ್ತಾಗಿರುವದು, ಕಲಬುರ್ಗಿಯ ತರಫದಾರನು ದೊರೆಗೆ ಇದಿರಾಗಿ ಕಿಲ್ಲೆಗಳನ್ನು ಮುಚ್ಚಿಕೊಂಡು ಕಾಳಗಕ್ಕೆ ನಿಲ್ಲದಿರುವದು, ಇವು ಅಲ್ಪವಾದ ಲಾಭಗಳಲ್ಲ.

ಆದರೆ ತಕ್ಕಡಿಯು ಪದವಿಗಳನ್ನು ತೂಗಬಲ್ಲದು, ಮನಸ್ಸುಗಳನ್ನು ತೂಗಲಾರದು. ಹಿಂದೆ ಇಡೀ ಪ್ರಾಂತವನ್ನಾಳಿದವನು ಅರ್ಧವನ್ನೂ, ಹತ್ತು ಕಿಲ್ಲೆಗಳುಳ್ಳವನು ಒಂದನ್ನೂ ಪಡೆದಾಗ, ಅದು ರಾಜ್ಯದ ಹಿತಕ್ಕಾಗಿ ಎಂದು ಅವನಿಗೆ ತೋರದೆ ತನ್ನ ಮೇಲಣ ಅವಿಶ್ವಾಸವೆಂದೇ ತೋರುವದು ಸಹಜ. ಹೆಚ್ಚಿದ ವೇತನವನ್ನು ಅವರು ತಮ್ಮ ಹಕ್ಕೆಂದು ತೆಗೆದುಕೊಂಡರು. ಕಳೆದುಹೋದ ಕಿಲ್ಲೆಯನ್ನು ಮಾತ್ರ ಮರೆಯಲಿಲ್ಲ. ಎಂಟು ತರಫುಗಳಿಗೂ ದೊರೆಗೂ ನಡುವಿನ ಕೊಂಡಿಯಾಗಿದ್ದವನು ಒಬ್ಬನೇ, ಗವಾನನು. ವ್ಯವಸ್ಥೆಯು ಎಷ್ಟು ವಿಶಾಲವಾಯಿತೋ ಅದರ ಭಾರವು ಅಷ್ಟೇ ಒಬ್ಬನ ಮೇಲೆ ನಿಂತಿತು.

ಈ ಅಸಮಾಧಾನಕ್ಕೆ ನಾಯಕನಾದವನು ಮಲಿಕ ಹಸನ. ಅವನು ವಿಜಯನಗರದ ಸೀಮೆಯ ಬ್ರಾಹ್ಮಣನ ಮಗನು. ತಿಮ್ಮಪ್ಪನೆಂಬ ಹೆಸರಿನವನು ಬಾಲ್ಯದಲ್ಲಿ ಸೆರೆಸಿಕ್ಕಿ ಮತಾಂತರಗೊಂಡು, ಸ್ವಪರಾಕ್ರಮದಿಂದ ಮೇಲೇರಿದವನು. ತೆಲಂಗಾಣದಲ್ಲಿ ರಾಜ್ಯವನ್ನು ವಿಸ್ತರಿಸಿದವನೇ ಅವನಾಗಿರಲು ಆ ತೆಲಂಗಾಣವು ಎರಡಾದುದು ಅವನಿಗೆ ಸಹನವಾಗಲಿಲ್ಲ. ಇದಕ್ಕೆ ಮುಂಚೆಯೇ ಗವಾನನು ಅವನ ಮಗ ಅಹಮದನನ್ನು ತಂದೆಯಿಂದ ಬೇರ್ಪಡಿಸಿ ಮಾಹೂರದ ಕಡೆಗೆ ನಿಯಮಿಸಿದ್ದನು. ತಂದೆಮಕ್ಕಳು ಒಂದೆಡೆ ಸೇರಿದರೆ ಬಲವು ಮಿತಿಮೀರುವದೆಂಬುದು ಮಂತ್ರಿಯ ಎಣಿಕೆ. ಮಗನನ್ನು ತನ್ನಿಂದ ಕಿತ್ತರೆಂಬುದು ತಂದೆಯ ನೋವು. ಇದಕ್ಕೆ ಪ್ರತಿಯಾಗಿ ಯೂಸುಫ ಆದಿಲಖಾನನನ್ನು ಗವಾನನು ಮಗನಂತೆ ಕಾಣುತ್ತಿದ್ದನು. ರಾಜನೀತಿಯ ದೃಷ್ಟಿಯಿಂದ ಎರಡಕ್ಕೂ ಸಮರ್ಥನೆಯಿದ್ದಿರಬಹುದು. ಆದರೆ ಒಬ್ಬ ಸಹೋದ್ಯೋಗಿಯ ಮಗನನ್ನು ದೂರಮಾಡಿ ಇನ್ನೊಬ್ಬನನ್ನು ತಾನೇ ಮಗನೆಂದು ಬಗೆದ ಮಂತ್ರಿಯ ನಿಷ್ಪಕ್ಷಪಾತವನ್ನು ಮಲಿಕ ಹಸನನು ನಂಬುವ ಸಂಭವವಿರಲಿಲ್ಲ. ನಲಗೊಂಡೆಯಲ್ಲಿ ಬಂಡುಗಾರರ ಮನಸ್ಸನ್ನು ಗೆದ್ದವನು ಮಗ್ಗುಲಲ್ಲಿದ್ದ ಸರದಾರನ ಮನಸ್ಸನ್ನು ಗೆಲ್ಲದೆ ಹೋದನು.

1481ರಲ್ಲಿ ದೊರೆಯು ಪೂರ್ವತೀರದ ದಂಡಯಾತ್ರೆಯಲ್ಲಿದ್ದು ಕೊಂಡಪಲ್ಲಿಯಲ್ಲಿ ಪಾಳೆಯ ಬಿಟ್ಟಿದ್ದನು. ಯೂಸುಫನು ಆಗ ಬಳಿಯಲ್ಲಿರಲಿಲ್ಲ. ಮಲಿಕ ಹಸನನ ಕಡೆಯ ಜರೀಫ-ಉಲ್-ಮುಲ್ಕ, ಮಿಫ್ತಾಹ ಹಬಶಿ ಎಂಬವರು ಗವಾನನ ಮೊಹರನ್ನು ಕಾಯುವ ಸೇವಕನ ಸ್ನೇಹವನ್ನು ಬೆಳೆಯಿಸಿದರು. ಒಂದು ದಿನ ಅವನಿಗೆ ಮದ್ಯವನ್ನು ಕುಡಿಯಿಸಿ, ಒಬ್ಬ ಸ್ನೇಹಿತನ ಲೆಕ್ಕದ ಕಾಗದವೆಂದು ಹೇಳಿ ಬರಿಯ ಹಾಳೆಯ ಮೇಲೆ ಮೊಹರನ್ನು ಒತ್ತಿಸಿಕೊಂಡರು. ಆ ಹಾಳೆಯ ಮೇಲೆ ಒಡಿಶಾದ ಅರಸನನ್ನು ದಂಡೆತ್ತಿ ಬರುವಂತೆ ಕರೆಯುವ ದ್ರೋಹದ ಪತ್ರವನ್ನು ಗವಾನನ ಹೆಸರಿನಲ್ಲಿ ಬರೆದರು. ಮಲಿಕ ಹಸನನು ಇದಿರಿಗಿರುವ ಸಮಯವನ್ನು ನೋಡಿ ಅದನ್ನು ದೊರೆಗೆ ತೋರಿಸಿದರು. ಕುಡಿದಿದ್ದ ದೊರೆಯು ಪತ್ರವನ್ನು ಒಯ್ಯುತ್ತಿದ್ದ ದೂತನೆಲ್ಲಿಯೆಂದು ಸಹ ವಿಚಾರಿಸದೆ ಮಂತ್ರಿಯನ್ನು ಕರೆಯಿಸಿದನು.

ಗವಾನನ ಹಿತೈಷಿಗಳು ಹೋಗಬಾರದೆಂದು ಬೇಡಿಕೊಂಡರು. ಸಾವಿರ ಸವಾರರು ಸಿದ್ಧರಿದ್ದಾರೆ, ಗುಜರಾತಕ್ಕೆ ಹೋಗಿಬಿಡುವದು ಲೇಸೆಂದರು. ಇಷ್ಟು ವರ್ಷ ನಿರ್ದೋಷವಾಗಿ ಸೇವೆಮಾಡಿದವನನ್ನು ಒಡೆಯನು ವಿಚಾರಿಸದೆ ದಂಡಿಸಲಾರನೆಂಬ ಭರವಸೆಯಿಂದ ಅವನು ಹೋದನು. ಪತ್ರವನ್ನು ತೋರಿಸಲು ಮೊಹರು ತನ್ನದೇ ಎಂದೂ ಬರಹವು ಮಾತ್ರ ತನ್ನದಲ್ಲವೆಂದೂ ಹೇಳಿದನು. ದೊರೆಯು ಕೇಳಲಿಲ್ಲ; ಜೌಹರನೆಂಬ ಗುಲಾಮನಿಗೆ ಅಪ್ಪಣೆಮಾಡಿ ಒಳಗೆ ನಡೆದನು. 1481ನೆಯ ಏಪ್ರಿಲ 5ರಂದು ಸುಮಾರು ಎಪ್ಪತ್ತು ವರ್ಷದ ವೃದ್ಧ ಮಂತ್ರಿಯ ಶಿರಚ್ಛೇದವಾಯಿತು. ಅವನ ಸಂಪತ್ತು ಅಪಾರವಾಗಿರಬೇಕೆಂದು ದೊರೆಯು ಲೆಕ್ಕವನ್ನು ಕೇಳಿದಾಗ, ಸೈನ್ಯದ ವೆಚ್ಚದ ಹಣವೂ ಬಡವರಿಗಾಗಿ ಇಟ್ಟ ಹಣವೂ ಹೊರತು ಹೆಚ್ಚಿನದೇನೂ ಕಾಣಲಿಲ್ಲ. ಸ್ವಂತ ಜೀವನಕ್ಕೆ ಅವನು ವ್ಯಾಪಾರದ ಮೂಲಧನದಿಂದ ಬಂದುದನ್ನೇ ಬಳಸುತ್ತ, ಮಣ್ಣಿನ ಪಾತ್ರೆಯಲ್ಲಿ ಅಡಿಗೆ ಮಾಡಿಸಿ ಉಂಡು, ಚಾಪೆಯ ಮೇಲೆ ಮಲಗುತ್ತಿದ್ದನೆಂದು ತಿಳಿದುಬಂದಿತು. ಪತ್ರವು ಸುಳ್ಳೆಂಬುದೂ ಬಯಲಾಗಿ ದೊರೆಯು ಪಶ್ಚಾತ್ತಾಪಪಟ್ಟನು. ಆದರೆ ಕಾಲವು ಮಿಂಚಿತ್ತು.

ಮುಂದೆ ನಡೆದ ಸಂಗತಿಯು ವಿಶೇಷವಾಗಿ ಮನನೀಯವಾದುದು. ಫತಹುಲ್ಲಾ ಇಮಾದ-ಉಲ್-ಮುಲ್ಕನೂ ಖುದಾವಂದಖಾನನೂ ದೊರೆಯ ಪಾಳೆಯವನ್ನು ಬಿಟ್ಟು ದೂರದಲ್ಲಿ ಬೇರೆಯಾಗಿ ಇಳಿದರು. ತರುವಾಯ ಯೂಸುಫನೂ ಬಂದು ಅವರನ್ನೇ ಸೇರಿದನು. ಇಂತಹ ಸೇವಕನಿಗೇ ಈ ಗತಿಯಾದ ಮೇಲೆ ತಮ್ಮ ಪ್ರಾಣಕ್ಕೆ ಭರವಸೆಯೇನೆಂಬುದು ಅವರ ಮಾತಿನ ತಾತ್ಪರ್ಯ. ಇವರಲ್ಲಿ ಮೊದಲಿನವನು ಕನ್ನಡ ಬ್ರಾಹ್ಮಣನಾಗಿ ಹುಟ್ಟಿದವನು, ಎರಡನೆಯವನು ಹಬಶಿ. ಇಬ್ಬರೂ ಗವಾನನ ಪಕ್ಷದವರಲ್ಲ. ಅಂತಹವರೂ ಅವನಿಗಾಗಿ ನೊಂದರು. ಪಕ್ಷವನ್ನು ಮೀರಿದ ಸಂಬಂಧವು ಆ ಓಲಗದಲ್ಲಿ ಅಸಾಧ್ಯವಾಗಿರಲಿಲ್ಲವೆಂಬುದೂ, ಮಲಿಕ ಹಸನನೊಬ್ಬನ ಕಡೆಗೆ ಅದು ಬೆಳೆಯದೆ ಹೋದುದೇ ಅನರ್ಥಕ್ಕೆ ಮೂಲವಾಯಿತೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಒಬ್ಬನನ್ನು ಕೊಂದ ಕತ್ತಿಯು ದೊರೆಗೂ ಸರದಾರರಿಗೂ ನಡುವಿನ ನಂಬಿಗೆಯೆಲ್ಲವನ್ನೂ ಕತ್ತರಿಸಿತು.

ಮಹಮ್ಮದ ಶಹನು ಒಂದು ವರ್ಷದೊಳಗೆ, 1482ರ ಮಾರ್ಚಿಯಲ್ಲಿ, ತೀರಿಕೊಂಡನು. ಗವಾನನ ಪದವಿಯನ್ನು ಪಡೆದ ಮಲಿಕ ಹಸನನೂ ಸುಖಪಡಲಿಲ್ಲ. 1486ರಲ್ಲಿ ಬೀದರದಲ್ಲಿ ತನ್ನವನೇ ಎಂದು ನಂಬಿದ್ದವನಿಂದ ಹತನಾದನು. 1490ರ ಸುಮಾರಿಗೆ ವಿಜಾಪುರದಲ್ಲಿ ಯೂಸುಫನೂ, ಅಹಮದನಗರದಲ್ಲಿ ಮಲಿಕ ಹಸನನ ಮಗ ಅಹಮದನೂ, ವರ್ಹಾಡದಲ್ಲಿ ಫತಹುಲ್ಲಾನೂ ಸ್ವತಂತ್ರರಾದರು. ಮುಂದೆ ಗೋಳಕೊಂಡೆಯೂ ಬೇರೆಯಾಗಿ, ಬೀದರವು ಬರೀದ ಮನೆತನದವರ ವಶವಾಯಿತು. ಗವಾನನು ಸುವ್ಯವಸ್ಥೆಗೆಂದು ಗುರುತಿಸಿದ ತರಫುಗಳ ಗಡಿಗಳಲ್ಲಿ ಕೆಲವು ಒಂದಕ್ಕೊಂದು ಕಾದುವ ರಾಜ್ಯಗಳ ಗಡಿಗಳಾಗಿ ಪರಿಣಮಿಸಿದವು.

ಕಲಬುರ್ಗಿಯ ಪಾಲಿಗೆ ಬಂದುದು ಇನ್ನೂ ಕಷ್ಟದ ದೆಸೆ. ದಸ್ತೂರ ದಿನಾರನು ತಾನೂ ಸ್ವತಂತ್ರನಾಗಲು ಯತ್ನಿಸಿದನು. ಬೀದರ, ವಿಜಾಪುರಗಳ ನಡುವೆ ಸಿಕ್ಕು ಹಲವು ಸಲ ಕಾದಿ, ಕೊನೆಗೆ 1504ರಲ್ಲಿ ಯೂಸುಫನಿಂದ ಹತನಾದನು. ಕಲಬುರ್ಗಿಯು ವಿಜಾಪುರಕ್ಕೆ ಸೇರಿತು. ಗವಾನನು ಒಂದೇ ಏರ್ಪಾಡಿನಲ್ಲಿ ಅಧಿಕಾರ ಕೊಟ್ಟ ಇಬ್ಬರು ಸರದಾರರಲ್ಲಿ ಒಬ್ಬನು ಇನ್ನೊಬ್ಬನನ್ನು ಕೊಂದಂತಾಯಿತು. ಕೋಣಗಳು ಕಾದಿದರೆ ಗಿಡಗಳಿಗೆ ಮೃತ್ಯು ಎಂಬ ನಾಣ್ನುಡಿಯಂತೆ, ಒಂದು ಕಾಲಕ್ಕೆ ರಾಜ್ಯದ ನಡುಭಾಗವಾಗಿದ್ದ ಕಲಬುರ್ಗಿ, ಕಮಲಾಪುರಗಳ ಸೀಮೆಯು ಎರಡು ರಾಜ್ಯಗಳು ಎಳೆದಾಡುವ ಗಡಿನಾಡಾಯಿತು. ಕೊಂಡಪಲ್ಲಿಯ ಪಾಳೆಯದಲ್ಲಿ ಯಾರು ಯಾರನ್ನು ದ್ವೇಷಿಸಿದರೆಂಬುದು ಇಲ್ಲಿಯ ರೈತನಿಗೆ ತಿಳಿದಿರಲಾರದು. ಅದರ ಬೆಲೆಯನ್ನು ಮಾತ್ರ ಅವನೇ ತೆತ್ತನು.

ಮಹಮೂದ ಗವಾನನು ವಿದ್ವಾಂಸನು, ಶೂರನು, ನಿಸ್ಪೃಹನು. ಅವನ ಕಟ್ಟಳೆಗಳಲ್ಲಿ ದೋಷವನ್ನೆಣಿಸುವದು ಕಷ್ಟ. ಆದರೂ ಆ ಕಟ್ಟಳೆಗಳು ಅವನ ಮರಣಾನಂತರ ಬಹುಕಾಲ ಬಾಳಲಿಲ್ಲ. ಮೂವರು ಕೂಡಿ ಪ್ರತಿದಿನ ಮುಂಜಾನೆ ಆಲೋಚಿಸುತ್ತಿದ್ದ ಕಾಲದಲ್ಲಿ ರಾಜಧಾನಿಯನ್ನು ಕಳೆದುಕೊಂಡ ರಾಜ್ಯವು ಉಳಿಯಿತು. ಒಬ್ಬನು ಎಲ್ಲವನ್ನೂ ಹೊತ್ತು ಉಳಿದವರು ಬೇ‌ಸರದಿಂದಿದ್ದ ಕಾಲದಲ್ಲಿ ಎರಡು ಸಮುದ್ರಗಳನ್ನು ಮುಟ್ಟಿದ ರಾಜ್ಯವು ಅಳಿಯಿತು. ಮಠವಾಗಲಿ, ಪಾಠಶಾಲೆಯಾಗಲಿ, ಸಂಘವಾಗಲಿ, ಹಲವರು ಕೂಡಿ ನಡೆಸುವ ಯಾವದೇ ಕಾರ್ಯಕ್ಕೆ ನಿಯಮಗಳು ಬೇಕು. ಆದರೆ ಆ ನಿಯಮದಿಂದ ನೊಂದವನ ಮನೆಗೆ ಹೋಗಿ ಅವನ ನೋವನ್ನು ಕೇಳುವವರೂ ಬೇಕು, ಒಬ್ಬನ ಮೇಲೆ ದೂರು ಬಂದಾಗ ಅವನನ್ನೇ ಕರೆದು ವಿಚಾರಿಸುವ ಒಡೆಯನೂ ಬೇಕು. ಬೀದರದಲ್ಲಿ ಮದರಸದ ಮಿನಾರವು ಐದುನೂರು ವರ್ಷಗಳನ್ನು ಮೀರಿ ನಿಂತಿದೆ. ಅದನ್ನು ಕಟ್ಟಿಸಿದವನ ರಾಜ್ಯಕ್ಕೆ ಅಂತಹ ಆಯುಷ್ಯವು ದೊರೆಯದೆ ಹೋದುದಕ್ಕೆ ಕಾರಣವು ಕಲ್ಲುಗಾರೆಗಳ ಕೊರತೆಯಲ್ಲ.